ತಿಳಿ

ಸೆಪ್ಟೆಂಬರ್ 2

ಡಾಕ್ಟರು ನಿದ್ದೆಗೆ ಮಾತ್ರೆ ಕೊಡಲಿಲ್ಲ, ಒಂದು ನೋಟ್‌ಬುಕ್ ತಗೊಳ್ಳಿ ಎಂದರು. ಹೆದರಿಕೆಯಾದಾಗ ಹೆಂಡತಿಯ ತಲೆ ತಿನ್ನುವ ಬದಲು ಬರೆದಿಡಬೇಕಂತೆ. ಈ ಮದ್ದು ಇವಳಿಗೆ ಬಹಳ ಹಿಡಿಸಿತು. ತಾನೇ ಅಂಗಡಿಗೆ ಹೋಗಿ ದಪ್ಪದ್ದೇ ತಂದಳು.

ಸರಿ, ಬರೆಯುತ್ತೇನೆ. ನನಗೆ ಏರಿಯ ಹೆದರಿಕೆ. ನಮ್ಮ ಸಾಲುಮನೆಗಳ ಬೆನ್ನಿಗೇ ಮಣ್ಣಿನ ಏರಿ, ಅದರಾಚೆ ಜಲಾಶಯ. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಆಕಾಶ ಕಾಣುವುದಿಲ್ಲ, ಏರಿಯ ಹುಲ್ಲು ಕಾಣುತ್ತದೆ. ಆ ಹುಲ್ಲಿನಾಚೆ, ನಮ್ಮ ಸೂರಿಗಿಂತ ಎಷ್ಟೋ ಎತ್ತರದಲ್ಲಿ, ಅಷ್ಟೂ ನೀರು ಸುಮ್ಮನೆ ನಿಂತಿದೆ. ಹಳೆಯ ಮೇಸ್ತ್ರಿ ನಿವೃತ್ತರಾದ ಮೇಲೆ ಅದರ ಕಾವಲು ನನ್ನ ಕೊರಳಿಗೆ ಬಿತ್ತು. ಅಂದಿನಿಂದ ನಿದ್ದೆಗೂ ನನಗೂ ಮಾತಿಲ್ಲ.

ಹೋಗುವಾಗ ಮೇಸ್ತ್ರಿ ಕಲಿಸಿದ್ದು ಇಷ್ಟೇ. ಮಣ್ಣಿನ ಏರಿ ಅಂದ ಮೇಲೆ ಒಸರುವುದೇ. ಒಳಗೆ ಒಸರಿದ ನೀರೆಲ್ಲ ಬುಡದ ಒಂದು ಕೊಳವೆಗೆ ಬಂದು ಕಿರುಬೆರಳ ಗಾತ್ರಕ್ಕೆ ಹೊರಗೆ ಬೀಳುತ್ತದೆ. ದಿನಾ ಬೆಳಿಗ್ಗೆ ಅದನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಬೇಕು.

"ನೀರು ಬರೋದಕ್ಕೆ ಹೆದರಬೇಡ," ಎಂದಿದ್ದರು. "ಅದು ಏನನ್ನ ಹೊತ್ಕೊಂಡು ಬರ್ತಿದೆ ಅಂತ ನೋಡು. ತಿಳಿಯಾಗಿದ್ರೆ ಬರೀ ನೀರು. ಕದಡಿದ್ರೆ ಏರಿನೇ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬರ್ತಿದೆ ಅಂತ. ಆಗ ಸೈರನ್ ಒತ್ತು, ಎಲ್ಲರನ್ನೂ ಗುಡ್ಡ ಹತ್ತಿಸು."

ನೋಡಿದ ಮೇಲೆ ಎಂಜಿನಿಯರಿಗೆ ಫೋನ್ ಮಾಡಿ ಒಂದೇ ಒಂದು ಪದ ಹೇಳಬೇಕು: ತಿಳಿ. ಅವರೂ ಮರುಮಾತಾಡದೆ ಇಟ್ಟುಬಿಡುತ್ತಾರೆ.

ಕಾವಲು ಕೋಣೆಯ ಮೇಜಿನ ಮೇಲೆ ಒಂದು ಬೂದು ಬಣ್ಣದ ಮಣ್ಣುಹೆಂಟೆ ಇದೆ. ಕಟ್ಟುವಾಗ ಏರಿಯ ಹೊಟ್ಟೆಗೆ ತುಂಬಲೆಂದು ದೂರದಿಂದ ತರಿಸಿದ ಮಣ್ಣಂತೆ ಅದು. ಇಲ್ಲಿನ ಮಣ್ಣೆಲ್ಲ ಕೆಂಪು. ಮೇಸ್ತ್ರಿ ಕಾಗದ ಹಾರದಿರಲೆಂದು ಇಟ್ಟುಕೊಂಡಿದ್ದನ್ನು ನನಗೆ ಬಿಟ್ಟುಹೋದರು. ದಿನಾ ನೋಡಿ ನೋಡಿ ಅದರ ಒಂದೊಂದು ಬಿರುಕೂ ನನಗೆ ಗೊತ್ತು.

ಬೆಳಿಗ್ಗೆ ಒಮ್ಮೆ ನೋಡಿದರೆ ಸಾಕೆಂದರು. ನಾನು ಊಟಕ್ಕೆ ಮುಂಚೆ, ಊಟದ ನಡುವೆ, ಊಟವಾದ ಮೇಲೆ ಹೋಗಿ ನೋಡುತ್ತೇನೆ. ಇವತ್ತು ತಿಳಿ. ನಾಳೆಯದು ಯಾರಿಗೆ ಗೊತ್ತು.

ಸೆಪ್ಟೆಂಬರ್ 9

ಇವತ್ತಿನದನ್ನು ಬರೆದರೆ ಮರ್ಯಾದೆಯಿಲ್ಲ, ಬರೆಯದಿದ್ದರೆ ನಿದ್ದೆಯಿಲ್ಲ.

ವಾರದಿಂದ ಬಿಡದೆ ಮಳೆ. ಬೆಳಿಗ್ಗೆ ಲೋಟ ಹಿಡಿದರೆ ನೀರು ಕೆಂಪಗಿತ್ತು. ಸೈರನ್ ಒತ್ತಿದ್ದು ನೆನಪಿದೆ, ಆಮೇಲೆ ನಾನು ಏನೇನು ಕಿರುಚಿದೆನೋ ದೇವರಿಗೇ ಗೊತ್ತು. ಇಡೀ ಸಾಲು ಮಳೆಯಲ್ಲೇ ಗುಡ್ಡದ ಮೇಲಿನ ಶಾಲೆಗೆ ಓಡಿತು. ನಮ್ಮ ಅತ್ತೆಗೆ ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನದಲ್ಲಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾನೂ ಪಕ್ಕದ ಮನೆಯ ಬೇಕರಿಯವನೂ ಹೊತ್ತೆವು. ಕೈಕಾಲು ಬಿದ್ದರೂ ಅವರ ಬಾಯಿ ಗಟ್ಟಿಯಾಗಿಯೇ ಉಳಿದಿದೆ. ದಾರಿಯುದ್ದಕ್ಕೂ ನನ್ನ ಜನ್ಮ ಜಾಲಾಡಿದರು.

"ಮುಳುಗಿ ಸಾಯೋದಿದ್ರೆ ಬೆಚ್ಚಗೆ ಹಾಸಿಗೇಲೇ ಸಾಯ್ತಿದ್ದೆ. ಮಳೇಲಿ ನೆನೆಸಿ ಸಾಯಿಸೋಕೆ ನಿನ್ನಂಥ ಅಳಿಯ ಬೇಕಾಯ್ತು ನೋಡು."

ಎಂಜಿನಿಯರ್ ರೇನ್‌ಕೋಟಿನಲ್ಲಿ ಬಂದು ನೋಡಿದರು. ಏರಿಯ ಮೇಲ್ಮೈಯ ಮಣ್ಣು ಮಳೆಗೆ ತೊಳೆದು ಕೊಳವೆಯ ಬಾಯಿಗೆ ಬಿದ್ದಿತ್ತು, ಅಷ್ಟೇ. ಅವರು ಬೈಯಲಿಲ್ಲ. ಕೆಂಪಾದರೆ ಹೊರಗಿನದು, ಒಳಗಿನ ಮಣ್ಣು ಬೂದು, ನಿಮ್ಮ ಮೇಜಿನ ಮೇಲೇ ಇದೆಯಲ್ಲ ಎಂದರು. ಬೈದಿದ್ದರೆ ವಾಸಿಯಿತ್ತು.

ಬೇಕರಿಯವನು ಒಲೆಯಲ್ಲಿ ಬ್ರೆಡ್ಡು ಬಿಟ್ಟು ಓಡಿ ಬಂದಿದ್ದ. ಎಲ್ಲ ಇದ್ದಿಲು. ಅದರಲ್ಲೊಂದನ್ನು ಎತ್ತಿ ಹಿಡಿದು, ಇದು ನಮ್ಮ ಸೈರನ್ ಸಾಹೇಬರ ಪಾಲು ಎಂದ. ನೆನೆದು ನಡುಗುತ್ತಿದ್ದವರೂ ನಕ್ಕರು. ನನಗೊಂದು ಹೆಸರು ಅಂಟಿತು.

ಸೆಪ್ಟೆಂಬರ್ 12

ಹೊರಗೆ ಹೋದರೆ ಮಕ್ಕಳು ಬೆನ್ನ ಹಿಂದೆ ಸೈರನ್ನಿನ ಹಾಗೆ ಊಂ ಎನ್ನುತ್ತವೆ. ಬೇಕರಿಯವನು ಬಾಯಿಗೆ ಕೈ ಅಡ್ಡ ಇಟ್ಟು ಇನ್ನೂ ಚೆನ್ನಾಗಿ ಅನ್ನುತ್ತಾನೆ. ಆಮೇಲೆ ಒಂದು ಬನ್ನು ಕೊಡುತ್ತಾನೆ, ಅದಕ್ಕೆ ಅವನ ಮೇಲೆ ಸಿಟ್ಟು ನಿಲ್ಲುವುದಿಲ್ಲ. ನೀರು ತಿಳಿ. ನಿದ್ದೆ ಇಲ್ಲ. ಇವಳೂ ಮಲಗಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ.

ಸೆಪ್ಟೆಂಬರ್ 18

ಅತ್ತೆಗೆ ಹೊಟ್ಟೆ ಕೆಟ್ಟಿತು. ನರ್ಸಮ್ಮ ಬಂದು ನೀರು ಸೋಸಿ ಕುಡಿಯಿರಿ ಎಂದರು. ಹಾಗೇ, ಸತ್ತ ಬೆರಳುಗಳಿಗೆ ಜೀವ ಬರಬೇಕಾದರೆ ಮೆತ್ತಗಿರುವುದನ್ನು ಏನಾದರೂ ನಾದುತ್ತಿರಬೇಕು, ಹಿಟ್ಟಾದರೂ ಸರಿ ಎಂದರು. ಹಿಟ್ಟು ತಿನ್ನುವುದಕ್ಕೆ, ಆಡುವುದಕ್ಕಲ್ಲ ಎಂದು ಅತ್ತೆ ಮುಖ ತಿರುಗಿಸಿದರು.

ಇವಳು ಒಂದು ಏರ್ಪಾಡು ಮಾಡಿದಳು. ನಮ್ಮದು ಸಾಲಿನ ಕೊನೆಯ ಮನೆ, ಕೊಳವೆಗೆ ಹತ್ತಿರ. ಕೊಳವೆಯ ಬಾಯಿಗೆ ರಬ್ಬರ್ ಪೈಪು ಸಿಕ್ಕಿಸಿ ನಮ್ಮ ಹಿತ್ತಿಲಿಗೆ ತಂದಳು. ಕೆಳಗೆ ಡ್ರಮ್ಮು, ಡ್ರಮ್ಮಿನ ಬಾಯಿಗೆ ನನ್ನ ಹಳೆಯ ಉಣ್ಣೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಬಿಗಿದಳು. ನೀರು ಕಂಬಳಿಯ ಮೇಲೆ ಬಿದ್ದು, ಸೋಸಿ ಒಳಗಿಳಿದು, ಕೆಳಗಿನ ನಲ್ಲಿಯಲ್ಲಿ ಬರುತ್ತದೆ. ಎಲೆ, ಹುಳ, ಕಸ ಎಲ್ಲ ಮೇಲೇ. ಸಾಲಿನವರೆಲ್ಲ ಬಂದು ಹಿಡಿದುಕೊಂಡು ಹೋಗುತ್ತಾರೆ.

ನನಗೂ ಅನುಕೂಲವೇ. ಜಾರುವ ಹಾದಿಯಲ್ಲಿ ಲೋಟ ಹಿಡಿದು ಇಳಿಯುವ ಪಾಡಿಲ್ಲ. ಬಾಗಿಲು ತೆರೆದೆ, ನಲ್ಲಿ ತಿರುಗಿಸಿದೆ, ಬೆಳಕಿಗೆ ಹಿಡಿದೆ. ಲೋಟದಲ್ಲಿ ನೀರಿದೆಯೋ ಇಲ್ಲವೋ ಅನ್ನುವಷ್ಟು ತಿಳಿ.

ಸೆಪ್ಟೆಂಬರ್ 25

ಎಷ್ಟೋ ಕಾಲದ ಮೇಲೆ ಬೆಳಗಿನವರೆಗೆ ಮಲಗಿದೆ.

ಇವಳು ಕಂಬಳಿ ಹಿಂಡುವಾಗ ನಿಂಬೆಹಣ್ಣಿನಷ್ಟು ಕೆಸರು ಸಿಗುತ್ತದೆ, ಬೆಣ್ಣೆಯ ಹಾಗೆ ನುಣುಪು. ಎಸೆಯಲು ಹೋದವಳನ್ನು ಅತ್ತೆ ತಡೆದು ಎಡಗೈಯಲ್ಲಿ ಇಸಿದುಕೊಂಡು ಬಲಗೈಗೆ ಕೊಟ್ಟರಂತೆ. ಸಂಜೆ ನನಗೊಂದು ಉಂಡೆ ತೋರಿಸಿ ಹಕ್ಕಿ ಎಂದರು. ಆಲೂಗಡ್ಡೆ ಅಂದುಕೊಂಡೆ ಎಂದೆ. ಆಮೇಲೆ ನನ್ನ ಜೊತೆ ಮಾತಾಡಲಿಲ್ಲ. ಮನೆ ತಣ್ಣಗಿತ್ತು.

ಅಕ್ಟೋಬರ್ 3

ಮಳೆ ನಿಂತಿತು. ಬಿಸಿಲು ಬಿದ್ದಿದೆ. ಏರಿಯ ಮೇಲೆ ನಿಂತರೆ ಜಲಾಶಯದ ಮೈಯಿಂದ ಹಬೆ ಏಳುವುದು ಕಾಣುತ್ತದೆ. ಸಂಜೆಗೆ ಅದೇ ಮೋಡ. ಈ ನೀರಿಗೆ ಒಂದು ಕಡೆ ಕೂರುವ ಜಾಯಮಾನವೇ ಇಲ್ಲ. ಮೇಲೆ ಹೋಗುತ್ತದೆ, ಬೀಳುತ್ತದೆ, ನೆಲದೊಳಗೆ ಇಳಿಯುತ್ತದೆ, ಕಲ್ಲಿನ ಸಂದಿ, ಬೇರಿನ ಸಂದಿ, ಇಲಿಯ ಬಿಲ, ಎಲ್ಲಿ ದಾರಿಯಿದ್ದರೆ ಅಲ್ಲಿ ನುಗ್ಗುತ್ತದೆ, ಮತ್ತೆಲ್ಲೋ ಹೊರಗೆ ಬರುತ್ತದೆ. ಅದನ್ನು ಹಿಡಿದು ನಿಲ್ಲಿಸಿದ್ದೇವೆ ಎಂದು ನಾವು ಸಂಬಳ ತೆಗೆದುಕೊಳ್ಳುತ್ತೇವೆ.

ಒಂದು ತಮಾಷೆ. ಮಳೆ ನಿಂತ ಮೇಲೆ ಕೊಳವೆಯ ನೀರು ಹೆಚ್ಚಾಗಿದೆ, ಈಗ ಹೆಬ್ಬೆರಳ ಗಾತ್ರ. ಮೊದಲಾಗಿದ್ದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಆದರೆ ಮೇಸ್ತ್ರಿ ಹಿಂದೊಮ್ಮೆ ಹೇಳಿದ್ದರು, ಮಣ್ಣಿನೊಳಗೆ ನೀರು ನಿಧಾನ, ಇವತ್ತು ಬರುವುದು ಯಾವತ್ತೋ ಬಿದ್ದ ಮಳೆ ಎಂದು. ಎಂಜಿನಿಯರಿಗೂ ಹಾಗೇ ಹೇಳಿದೆ. ಹೆಚ್ಚಾಗಿದ್ದು ಪರವಾಗಿಲ್ಲ, ತಿಳಿಯಾಗಿದೆ ತಾನೆ ಎಂದು ಎರಡೆರಡು ಸಲ ಕೇಳಿದರು. ತಿಳಿ ಎಂದೆ. ನನಗಿಂತ ಪುಕ್ಕಲರು ಒಬ್ಬರು ಸಿಕ್ಕಿದರಲ್ಲ ಎಂದು ಒಳಗೊಳಗೇ ನಗು ಬಂತು.

ಅಕ್ಟೋಬರ್ 9

ಅತ್ತೆ ಇವತ್ತು ತಮ್ಮ ಗುಂಡಿ ತಾವೇ ಹಾಕಿಕೊಂಡರು. ಬಲಗೈಯಲ್ಲೇ. ಇವಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ. ಎಲ್ಲ ಆ ಮಣ್ಣಿನ ಮಹಿಮೆ ಎನ್ನುತ್ತಾರೆ ನರ್ಸಮ್ಮ. ಈಗ ಪ್ರತಿ ಸಲ ಹಿಂಡಿದಾಗಲೂ ಒಂದೊಂದು ಮುಷ್ಟಿ ಸಿಗುತ್ತದೆ. ಬಟ್ಟಲು, ಆನೆ, ಮೂಗುದ್ದದ ಒಬ್ಬ ಗಂಡಸು. ಅದು ನಾನಂತೆ. ಕಿಟಕಿಯ ಹಲಗೆ ತುಂಬಿದೆ.

ಬೇಕರಿಯವನು ನೀರು ಹಿಡಿಯಲು ಬಂದಿದ್ದ. ಈ ನೀರಿಗೆ ಹಿಟ್ಟು ಹೂವಿನ ಹಾಗೆ ಅರಳುತ್ತದಂತೆ. ಹಳೆಯ ಸೈರನ್ ಎಲ್ಲಿ, ಹೊಸ ಮನುಷ್ಯ ಬಂದ ಹಾಗಿದೆ ಎಂದು ನನ್ನ ಬೆನ್ನು ತಟ್ಟಿದ.

ಅಕ್ಟೋಬರ್ 15

ಈಗ ಇವಳೇ ಚಹಾದ ಜೊತೆ ಲೋಟವನ್ನೂ ತರುತ್ತಾಳೆ. ಹಾಸಿಗೆಯಲ್ಲೇ ನೋಡಿದೆ. ತಿಳಿ.

ಅಕ್ಟೋಬರ್ 16

ತಿಳಿ.

ಅಕ್ಟೋಬರ್ 19

ತಿಳಿ. ಮಧ್ಯಾಹ್ನವೂ ಒಂದು ನಿದ್ದೆ ಹೊಡೆದೆ.

ಅಕ್ಟೋಬರ್ 21

ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, ಇನ್ನು ಬರೆಯುವುದು ಬೇಡ ಎಂದರು. ನನ್ನ ಹೆದರಿಕೆ ಹೋಗಿದೆಯಂತೆ. ಅಭ್ಯಾಸವಾಗಿದೆ, ಬರೆಯುತ್ತಿದ್ದೇನೆ.

ಬೆಳಿಗ್ಗೆ ಲೋಟ ಬರುವ ಮೊದಲೇ ಫೋನಿನಲ್ಲಿ ತಿಳಿ ಎಂದುಬಿಟ್ಟೆ. ಆಮೇಲೆ ಲೋಟ ಬಂತು, ತಿಳಿಯಾಗಿಯೇ ಇತ್ತು. ಸುಳ್ಳೇನೂ ಹೇಳಿದ ಹಾಗಾಗಲಿಲ್ಲ.

ಅಕ್ಟೋಬರ್ 26

ಅತ್ತೆ ನಮ್ಮ ಸಾಲುಮನೆಗಳನ್ನೇ ಮಾಡಿಬಿಟ್ಟಿದ್ದಾರೆ. ಬೇಕರಿಯ ಹೊಗೆಗೊಳವೆ, ನಮ್ಮ ಮುರಿದ ಮೆಟ್ಟಿಲು, ಹಿತ್ತಿಲ ಡ್ರಮ್ಮು, ಎಲ್ಲ ಇದೆ. ಬಲಗೈ ಎಡಗೈ ಭೇದವೇ ಗೊತ್ತಾಗುವುದಿಲ್ಲ. ಮಣ್ಣಿಗೆ ಬರವಿಲ್ಲ, ಒಂದು ಸಲಕ್ಕೆ ಒಂದು ತಟ್ಟೆ ತುಂಬ ಬರುತ್ತಿದೆ. ಕಂಬಳಿ ಹಿಂಡಿ ಹಿಂಡಿ ಮಣಿಕಟ್ಟು ನೋಯುತ್ತದೆ ಎನ್ನುತ್ತಾಳೆ ಇವಳು.

ಏರಿಯ ಹುಲ್ಲೆಲ್ಲ ಬಿಸಿಲಿಗೆ ಹಳದಿಯಾಗಿದೆ. ನಡುವೆ ಒಂದು ಕಡೆ ಮಾತ್ರ ಹಸಿರು, ಕಾಲಿಟ್ಟರೆ ಮೆತ್ತಗೆ, ತಂಪು. ಕಪ್ಪೆಗಳು ಬೇರೆ ಬಂದು ಸೇರಿಕೊಂಡಿವೆ. ಸಂಜೆ ಅಲ್ಲೇ ಒಂದು ಗಳಿಗೆ ಕೂತಿದ್ದೆ.

ಅತ್ತೆ ಹೊಸದೊಂದು ಹಕ್ಕಿ ಮಾಡಿ ನನಗೆ ಕೊಟ್ಟರು. ಇದಕ್ಕೆ ಕೊಕ್ಕಿದೆ, ಆಲೂಗಡ್ಡೆ ಅನ್ನಬೇಡ ಎಂದರು. ಹುಷಾರಾಗಿ ಒಯ್ದು ಕಾವಲು ಕೋಣೆಯ ಮೇಜಿನ ಮೇಲೆ, ಮೇಸ್ತ್ರಿಯ ಹೆಂಟೆಯ ಪಕ್ಕದಲ್ಲಿ ಇಟ್ಟೆ. ಒಣಗಲಿ.

ಅಕ್ಟೋಬರ್ 28

ಶಾಲೆಯ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಚಹಾ ಕುಡಿದು, ಲೋಟ ನೋಡಿ, ಫೋನ್ ಮಾಡಿ ಕಾವಲು ಕೋಣೆಗೆ ಹೋದೆ. ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಹಕ್ಕಿ ಒಣಗಿತ್ತು. ಕೊಕ್ಕಿನ ಕೆಳಗೊಂದು ಬಿರುಕು ಬಿಟ್ಟಿತ್ತು, ಹೆಂಟೆಯ ಮೇಲಿರುವಂಥದ್ದೇ. ಬಣ್ಣವೂ ಅದೇ. ಎರಡನ್ನೂ ಎರಡು ಕೈಯಲ್ಲಿ ಹಿಡಿದು ನಿಂತೆ. ಇಲ್ಲಿನ ಮಣ್ಣು ಕೆಂಪು. ಬೂದು ಮಣ್ಣಿರುವುದು ಒಂದೇ ಕಡೆ.

ಹಿತ್ತಿಲಿಗೆ ಹೋದೆ. ಪೈಪಿನ ತುದಿಯನ್ನು ಕಂಬಳಿಯಿಂದ ಎತ್ತಿ, ನೇರ ಲೋಟಕ್ಕೆ ಹಿಡಿದು, ಬೆಳಕಿಗೆ ಎತ್ತಿದೆ. ಲೋಟದ ಆಚೆ ನನ್ನ ಬೆರಳು ಕಾಣಲಿಲ್ಲ. ಬೂದಿ ಕಲಸಿದ ಹಾಲಿನ ಹಾಗಿತ್ತು. ನಾವು ಸೋಸಿ ಸೋಸಿ ಏರಿಯ ಹೊಟ್ಟೆಯನ್ನು ಕಿಟಕಿಯ ಹಲಗೆಯ ಮೇಲೆ ಜೋಡಿಸಿಟ್ಟಿದ್ದೆವು.

ಸೈರನ್ ಒತ್ತಿದೆ. ಜನ ಹೊರಗೆ ಬಂದರು, ನಗುನಗುತ್ತಾ, ಕೈಕಟ್ಟಿಕೊಂಡು. ಬೇಕರಿಯವನು ಒಲೆಯ ಬಾಗಿಲು ಹಾಕಿ ನಿಧಾನಕ್ಕೆ ಬಂದ. ನಾನು ಲೋಟ ತೋರಿಸಿ ಹೇಳುವುದನ್ನು ಹೇಳಿದೆ. ಯಾರೂ ಕದಲಲಿಲ್ಲ. ಆಗ ನಮ್ಮ ಅತ್ತೆ ಬಾಗಿಲ ಚೌಕಟ್ಟು ಹಿಡಿದು ತಾವೇ ಎದ್ದು ನಿಂತರು.

"ಹೋದ್ಸಲ ಇವನು ಕಿರುಚ್ತಿದ್ದ," ಎಂದರು. "ಈ ಸಲ ಕಿರುಚ್ತಿಲ್ಲ. ಮುಖ ನೋಡಿ ಇವನದು. ನಡೀರಿ ಎಲ್ರೂ."

ಅತ್ತೆಯನ್ನು ಬೆನ್ನ ಮೇಲೆ ಹೊತ್ತೆ. ದಾರಿಯುದ್ದಕ್ಕೂ ಒಂದು ಬೈಗುಳ ಬರಲಿಲ್ಲ.

ಎಂಜಿನಿಯರ್ ಬಂದು ಲೋಟ ನೋಡಿದರು, ನನ್ನ ಮುಖ ನೋಡಲಿಲ್ಲ. ನೀರು ಇಳಿಸಲು ಏರಿಯ ಆ ತುದಿಯ ತೂಬು ತೆರೆಸುತ್ತಿದ್ದಾರೆ. ತುಕ್ಕು ಹಿಡಿದಿದೆಯಂತೆ.

ಇವಳು ಪಕ್ಕದಲ್ಲಿ ಕೂತಿದ್ದಾಳೆ. ಈಗ ಹೇಳಿದಳು:

"ಅಮ್ಮನ ಹೊಟ್ಟೆಗೆ ಕಂಬಳಿ ಎರಡು ಮಡಿಕೆ ಸಾಕಿತ್ತು. ಲೋಟದಲ್ಲಿ ಒಂದು ಚೂರು ಕಂಡ್ರೂ ನೀವು ಮಲಗ್ತಿರ್ಲಿಲ್ಲ. ಅದಕ್ಕೆ ನಾಲ್ಕು ಮಾಡಿದೆ."

ಅವಳು ಮಡಿಕೆ ಹಾಕಿದಳು, ನಾನು ಮಲಗಿದೆ.

ಮಧ್ಯಾಹ್ನ ದಾಟಿತು. ಏರಿ ಇದ್ದ ಹಾಗೇ ಇದೆ, ಹಳದಿ ಹುಲ್ಲು, ನಡುವೆ ಆ ಹಸಿರು. ಜನ ಗೊಣಗುತ್ತಿದ್ದಾರೆ. ಈಗ ಕೆಳಗಿನಿಂದ ಯಾರೋ ನೋಡಿಕೊಂಡು ಬಂದು ಕೊಳವೆಯ ನೀರು ನಿಂತೇಹೋಯಿತು, ಒಂದು ಹನಿಯೂ ಇಲ್ಲ ಎಂದರು. ಎಲ್ಲರಿಗೂ ಜೀವ ಬಂದ ಹಾಗಾಯಿತು. ಪಾತ್ರೆ ಪಡಗ ಎತ್ತಿಕೊಳ್ಳುತ್ತಿದ್ದಾರೆ. ಬೇಕರಿಯವನು ಆಗಲೇ ಇಳಿಯುತ್ತಿದ್ದಾನೆ, ಈ ಸಲವೂ ಬ್ರೆಡ್ಡು ಸುಟ್ಟರೆ ನಿಮ್ಮ ಸೈರನ್ನನ್ನೇ ಒಲೆಗೆ ಹಾಕುತ್ತೇನೆ ಎನ್ನುತ್ತಾ. ಅವನ ಹಿಂದೆ ಇನ್ನೂ ಕೆಲವರು. ನನಗೂ ಒಂದು ಗಳಿಗೆ ಸಮಾಧಾನವಾಯಿತು.

ಫೋನ್ ಬರುತ್ತಿದೆ.

ನವೆಂಬರ್ 2

ನನಗೆ ಧ್ವನಿ ಹೋಗಿದೆ. ಮಾತು ಬರುವುದಿಲ್ಲ, ಬರೆಯುವುದು ಬರುತ್ತದೆ.

ಅವತ್ತು ಎಂಜಿನಿಯರ್ ಕೇಳಿದ್ದು ಎಂದಿನ ಮಾತೇ, ನೀರು ಹೇಗಿದೆ ಎಂದು. ನಿಂತಿದೆ ಎಂದೆ. ಅವರು ಹೇಳಿದರು:

"ನಿಂತಿಲ್ಲ. ಬೇರೆ ದಾರಿ ಸಿಕ್ಕಿದೆ. ಯಾರನ್ನೂ ಕೆಳಗೆ ಬಿಡಬೇಡಿ."

ಸೈರನ್ ಕೆಳಗಿತ್ತು, ನಾನು ಮೇಲಿದ್ದೆ. ಇಳಿಜಾರಿನ ಅಂಚಿಗೆ ಓಡಿ ಬಾಯಲ್ಲೇ ಕೂಗಿದೆ. ಮಾತೂ ಅಲ್ಲ, ಹೆಸರೂ ಅಲ್ಲ, ಬರೀ ಕೂಗು. ಹಿಂದಿದ್ದವರು ನಿಂತರು, ತಿರುಗಿದರು, ಹತ್ತತೊಡಗಿದರು. ಬೇಕರಿಯವನೂ ತಿರುಗಿದ. ನನ್ನನ್ನು ಕಂಡು ನಕ್ಕ. ಬಾಯಿಗೆ ಕೈ ಅಡ್ಡ ಇಟ್ಟು, ಅಷ್ಟು ದೂರದಿಂದ, ಊಂ ಎಂದ. ಆಮೇಲೆ ಕೈ ಬೀಸಿ ತನ್ನ ಒಲೆಯ ಕಡೆ ನಡೆದ.

ಆ ಹಸಿರು ಜಾಗ ಮೊದಲು ಒಳಕ್ಕೆ ಕುಸಿಯಿತು. ಅದರ ಮುಂದಿನದನ್ನು ಬರೆಯಲಾರೆ. ನಮ್ಮ ಸಾಲುಮನೆಗಳೇ ಇರಲಿಲ್ಲ, ಅಷ್ಟೇ. ಬೇಕರಿಯವನ ಹೆಣ ಸಿಕ್ಕಿದ್ದು ನಿನ್ನೆ, ಎಷ್ಟೋ ಕೆಳಗೆ. ಅವನ ಹೆಂಡತಿ ಈ ಜಗಲಿಯ ಆ ಕೊನೆಯಲ್ಲೇ ಇದ್ದಾಳೆ. ನಾನು ಆ ಕಡೆ ತಿರುಗುವುದಿಲ್ಲ.

ಅತ್ತೆ ಗೋಡೆಗೆ ಒರಗಿ ಕೂತಿದ್ದಾರೆ. ಬಲಗೈಯ ಬೆರಳುಗಳು ತಾವೇ ನಾದುತ್ತಿವೆ, ಅಂಗೈಯಲ್ಲಿ ಏನೂ ಇಲ್ಲ. ಇವಳು ಹೋಗಿ ಅವರ ಕೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡಳು. ಬಿಟ್ಟ ಕೂಡಲೇ ಬೆರಳುಗಳು ಮತ್ತೆ ಶುರುಮಾಡಿದವು.

ಬೆಳಿಗ್ಗೆ ನೀರಿನ ಲಾರಿ ಬಂತು. ಜನ ಮುಗಿಬಿದ್ದು ಹಿಡಿದುಕೊಂಡರು. ಇವಳು ಎಲ್ಲಿಂದಲೋ ಒಂದು ಗಾಜಿನ ಲೋಟ ಹುಡುಕಿ, ತುಂಬಿ ತಂದು ನನ್ನ ಕೈಗಿಟ್ಟಳು. ಅಭ್ಯಾಸಬಲ. ನಾನೂ ಬೆಳಕಿಗೆ ಎತ್ತಿ ಹಿಡಿದೆ. ಲೋಟದಲ್ಲಿ ನೀರಿದೆಯೋ ಇಲ್ಲವೋ ಅನ್ನುವಷ್ಟು ತಿಳಿಯಾಗಿತ್ತು.

ಇದನ್ನು ಎಲ್ಲಿ ಸೋಸಿದರು ಎಂದು ಕೇಳಿದೆ. ಗಂಟಲಿನಿಂದ ಶಬ್ದವೇ ಬರಲಿಲ್ಲ. ಕುಡೀರಿ, ಚೆನ್ನಾಗಿದೆ ಎಂದಳು ಇವಳು.